ಗುಬ್ಬಿ ಕೈಗೊಂದು ಹಿಡಿ

ಜನವರಿ ೧೧

ಮೇಷ್ಟ್ರಿಗೆ ನಮಸ್ಕಾರಗಳು.

ಮೊದಲು ಆರೋಗ್ಯ ವಿಚಾರಿಸಿ, ಹವೆಯ ಬಗ್ಗೆ ನಾಲ್ಕು ಮಾತು ಬರೆದು, ಕೆಲಸದ ವಿಷಯವನ್ನು ಕೊನೆಯಲ್ಲಿ ಈಗಷ್ಟೇ ನೆನಪಾದಂತೆ ಸೇರಿಸಿಬಿಡೋಣ ಎಂದುಕೊಂಡಿದ್ದೆ. ಹಾಗೆ ಬರೆದ ಕಾಗದ ಪಕ್ಕದಲ್ಲೇ ಇದೆ. ಅದನ್ನು ಕಳಿಸುವುದಿಲ್ಲ. ನಾಲ್ಕು ವರ್ಷ ಒಂದು ಸಾಲೂ ಬರೆಯದವಳು ಈಗ ಬರೆಯುತ್ತಿರುವುದು ಕೆಲಸ ಬಿದ್ದದ್ದರಿಂದ. ಅದನ್ನು ಮೊದಲೇ ಹೇಳಿಬಿಡುವುದು ವಾಸಿ.

ಕಳೆದ ವಾರ ನಮ್ಮ ರೇಂಜಿಗೆ ಸ್ಪರ್ಧೆಗಳಲ್ಲಿ ಗುರಿಯಿಡುವ ಒಬ್ಬರು ಅಭ್ಯಾಸಕ್ಕೆ ಬಂದಿದ್ದರು. ಅವರ ಪಿಸ್ತೂಲಿಗೆ ಮರದ ಹಿಡಿ. ನೋಡಬೇಕೆನ್ನಿಸಿ ಕೇಳಿದೆ, ತಿರುಪು ಬಿಚ್ಚಿ ಕೊಟ್ಟರು. ಒಳಬದಿಯಲ್ಲಿ ಮೂರು ಚುಕ್ಕೆ. ನಿಮ್ಮ ಚಹಾ ಲೋಟದ ತಳದಲ್ಲಿ, ಕುರ್ಚಿಯ ಕಾಲಿನ ಮೇಲೆ ಇರುತ್ತಿದ್ದ ಅವೇ ಮೂರು ಚುಕ್ಕೆ. ವಿಳಾಸ ಅವರಿಂದಲೇ ಸಿಕ್ಕಿತು. ಫೋನ್ ಮಾಡಬಹುದಿತ್ತು, ನಿಮ್ಮ ಕಿವಿ ನೆನಪಾಯಿತು. ಇದು ಕೂಗಿ ಹೇಳುವ ವಿಷಯವಲ್ಲ.

ವಿಷಯ ಇಷ್ಟು. ನನ್ನ ಹತ್ತಿರ ಕಾವಲು ಕೆಲಸದ ತರಬೇತಿಗೆ ಬಂದ ಹುಡುಗಿಯೊಬ್ಬಳಿದ್ದಾಳೆ. ಮದುವೆಯಾಗಿಲ್ಲ, ಹಾಸ್ಟೆಲಿನಲ್ಲಿದ್ದಾಳೆ, ಒಳ್ಳೆಯ ಕಣ್ಣು. ಕೈ ಮಾತ್ರ ಚಿಕ್ಕದು. ಕಂಪನಿಯ ಪಿಸ್ತೂಲಿನ ಪ್ಲಾಸ್ಟಿಕ್ ಹಿಡಿ ಅವಳಿಗೆ ದಪ್ಪ. ಹತ್ತು ಗುಂಡು ಮುಗಿಯುವುದರೊಳಗೆ ಹೆಬ್ಬೆರಳಿನ ಬುಡ ನೋಯುತ್ತದೆ. ಅಂಗಡಿಯಿಂದ ರಬ್ಬರ್ ಕವಚ ತಂದು ಹಾಕಿದೆವು, ಅದು ಇನ್ನೂ ದಪ್ಪವಾಯಿತು, ಒರೆಯಿಂದ ಎಳೆಯುವಾಗ ಅಂಗಿಗೆ ಅಂಟುತ್ತದೆ. ಅಲ್ಯೂಮಿನಿಯಂ ಪಟ್ಟಿ ತೆಳುವಾಗಿದೆ, ಬೆವರಿದರೆ ಜಾರುತ್ತದೆ. ಏಪ್ರಿಲ್ ಹದಿನೆಂಟಕ್ಕೆ ವಾರ್ಷಿಕ ಪರೀಕ್ಷೆ. ನಿಮಗೆ ಗೊತ್ತಿರುವುದೇ, ಮೂವತ್ತರಲ್ಲಿ ಇಪ್ಪತ್ತನಾಲ್ಕು ವೃತ್ತದ ಒಳಗೆ ಬೀಳಬೇಕು. ಇಲ್ಲದಿದ್ದರೆ ಶಸ್ತ್ರ ವಾಪಸ್ಸು, ಅದರ ಹಿಂದೆ ಕೆಲಸವೂ. ಹಳೆಯ ಹಿಡಿಯನ್ನು ಜೋಪಾನವಾಗಿಟ್ಟರೆ ಹೊಸದು ಹಾಕಿಕೊಳ್ಳಬಹುದು ಎಂದು ಶಸ್ತ್ರಾಗಾರದವರು ಒಪ್ಪಿದ್ದಾರೆ.

ನೀವು ಮಾಡಿಕೊಡುವಿರಾ?

ಇಂತಿ,
ಗುಬ್ಬಿ
(ಈ ಹೆಸರಿನಿಂದ ಈಗ ಯಾರೂ ಕರೆಯುವುದಿಲ್ಲ)


ಜನವರಿ ೨೪

ತರಬೇತಿ ಮೇಡಂ ಅವರಿಗೆ,

ಕಾಗದ ಸೇರಿತು. ಮಾಡಿಕೊಡುತ್ತೇನೆ.

ಇದರ ಜೊತೆ ಒಂದು ಮರದ ಪಟ್ಟಿ ಇದೆ. ಹಿಡಿ ಬಿಚ್ಚಿದ ಮೇಲೆ ಉಳಿಯುವ ಕಬ್ಬಿಣ ಎಷ್ಟು ಅಗಲ, ಎಷ್ಟು ದಪ್ಪವೋ ಅಷ್ಟೇ ಕತ್ತರಿಸಿದ್ದೇನೆ. ಅದಕ್ಕೆ ಮಕ್ಕಳಾಡುವ ಜೇಡಿಮಣ್ಣನ್ನು ಕಿರುಬೆರಳಿನ ದಪ್ಪಕ್ಕೆ ಸುತ್ತಬೇಕು. ಆ ಹುಡುಗಿ ಗುಂಡು ಹೊಡೆಯುವಾಗ ಹೇಗೆ ಹಿಡಿಯುತ್ತಾಳೋ ಹಾಗೆ ಹಿಡಿದು ಇಪ್ಪತ್ತು ಎಣಿಸಲಿ. ಚೆನ್ನಾಗಿ ಕಾಣಲಿ ಎಂದು ಆಮೇಲೆ ತಿದ್ದಬಾರದು. ನೆರಳಲ್ಲಿ ಒಣಗಿಸಿ, ಬಟ್ಟೆ ಸುತ್ತಿ ಡಬ್ಬಿಯಲ್ಲಿ ಕಳಿಸಿ. ತೋರುಬೆರಳಿನ ಮೊದಲ ಗೆಣ್ಣಿನಿಂದ ಅಂಗೈಯ ಸಂದಿನವರೆಗೆ ದಾರ ಹಿಡಿದು, ಅಷ್ಟಕ್ಕೆ ಕತ್ತರಿಸಿ ಅದನ್ನೂ ಇಡಿ.

ಮರ ಯಾವುದು ಎಂದು ಕೇಳಬೇಡಿ, ಅದು ನನಗೆ ಬಿಡಿ.

ನನ್ನ ಮನೆಯವಳು ನಮಸ್ಕಾರ ತಿಳಿಸಿದ್ದಾಳೆ.

ಇಂತಿ,
ಮೇಷ್ಟ್ರು


ಫೆಬ್ರವರಿ ೩

ಮೇಷ್ಟ್ರಿಗೆ,

ಅಚ್ಚು ಕಳಿಸಿದ್ದೇನೆ. ಮೂರನೆಯ ಸಲಕ್ಕೆ ಇಷ್ಟು ಬಂತು. ಮೊದಲನೆಯದು ಬಿರುಕು ಬಿಟ್ಟಿತು. ಎರಡನೆಯದನ್ನು ನೀವು ಬೇಡವೆಂದರೂ ತಿದ್ದಿದ್ದೆ. ತಿದ್ದಿದ್ದಳು. ಅದಕ್ಕೇ ಅದನ್ನು ಬಿಸಾಡಿದೆವು.

ನಿಮ್ಮ ಕಾಗದವನ್ನು ಎರಡು ಸಲ ಓದಿದೆ. ‘ಮೇಡಂ’ ಎಂದು ಬರೆದಿದ್ದೀರಿ. ನಾನು ಅದಕ್ಕೆ ಅರ್ಹಳೇ ಇರಬಹುದು. ಬರೆಯುವುದು ಬೇಡವೆಂದುಕೊಂಡು, ಮತ್ತೆ ಬರೆಯುತ್ತಿದ್ದೇನೆ: ನಿಮಗೆ ಸಿಟ್ಟಿದ್ದರೆ ಈ ಕೆಲಸ ಒಪ್ಪಿಕೊಳ್ಳಬೇಕಿರಲಿಲ್ಲ.

ರೇಂಜು ಹಾಗೇ ಇದೆ. ತಗಡಿನ ಮಾಡು ಮಧ್ಯಾಹ್ನಕ್ಕೆ ಕಾದ ಬಾಣಲೆ. ನಿಮ್ಮ ಕುರ್ಚಿ ಅದೇ ಕಿಟಕಿಯ ಪಕ್ಕದಲ್ಲಿದೆ, ಈಗ ಅದರ ಮೇಲೆ ಗುರಿ ಕಾಗದದ ಕಟ್ಟು ಇಡುತ್ತಾರೆ. ನೀವು ಕೈಯಾರೆ ಬರೆದ ಹಲಗೆಯನ್ನು ಯಾರೂ ತೆಗೆದಿಲ್ಲ. ‘ಗೆರೆ ಮುಟ್ಟಿದ ಗುಂಡು ಒಳಗಿನದು. ವಾದ ಬೇಡ.’ ಹೊಸಬರು ಅದನ್ನು ಓದಿ ನಗುತ್ತಾರೆ. ‘ವಾದ ಬೇಡ’ ಅನ್ನುವುದೇ ಅರ್ಧ ಅಳಿಸಿಹೋಗಿದೆ, ಅದಕ್ಕೇ ವಾದ ಮಾಡುತ್ತಾರೆ.

ಹುಡುಗಿಗೆ ಅಚ್ಚು ಒತ್ತುವಾಗ ನೋವೇನೂ ಆಗಲಿಲ್ಲ.

ಇಂತಿ,
ಗುಬ್ಬಿ


ಫೆಬ್ರವರಿ ೨೦

ಮೇಡಂ ಅವರಿಗೆ,

ಅಚ್ಚು ಬಂತು. ಒಂದು ಮೂಲೆ ಮುರಿದಿತ್ತು, ಅದು ಅಂಚೆಯವರ ಪಾಲು. ಉಳಿದದ್ದು ಸಾಕು.

‘ಮೇಡಂ’ ಎಂದು ಬರೆದದ್ದಕ್ಕೆ ಅಷ್ಟೊಂದು ಯೋಚನೆ ಮಾಡಬೇಡಿ. ನಿಮಗೆ ಕಾಗದ ಬರೆಯುವಾಗ ಏನೆಂದು ಶುರು ಮಾಡಬೇಕೆಂದು ತಿಳಿಯಲಿಲ್ಲ. ಮನೆಯವಳನ್ನು ಕೇಳಿದೆ. ‘ಅವ್ರು ಈಗ ದೊಡ್ಡ ಹುದ್ದೇಲಿದಾರೆ, ಗುಬ್ಬಿಗಿಬ್ಬಿ ಅಂತೆಲ್ಲ ಬರೀಬೇಡಿ’ ಅಂದಳು. ಸಿಟ್ಟು ಮಾಡಿಕೊಳ್ಳುವಷ್ಟು ಪುರುಸೊತ್ತೂ ನನಗಿಲ್ಲ. ನಾಲ್ಕು ಹಿಡಿ ಬಾಕಿ ಇವೆ.

ಅಚ್ಚಿನ ವಿಷಯ. ಹೆಬ್ಬೆರಳು ಕೂತ ಕಡೆ ಗುಳಿಯೇ ಇಲ್ಲ, ಸುಮ್ಮನೆ ಸವರಿದಂತಿದೆ. ಕೆಳಗಿನ ಎರಡು ಬೆರಳು ಮಾತ್ರ ಪಟ್ಟಿ ಕಾಣುವಷ್ಟು ಆಳಕ್ಕೆ ಹೋಗಿವೆ. ಹೆಬ್ಬೆರಳು ಮಾಡಬೇಕಾದ ಕೆಲಸವನ್ನು ಅವು ಮಾಡುತ್ತಿವೆ. ಕೈ ಚಿಕ್ಕದಾದ್ದರಿಂದ ಹೀಗಾಗುವುದಿಲ್ಲ. ಬಹಳ ದಿನಗಳಿಂದ ನೋವನ್ನು ಸುತ್ತಿ ಬಳಸಿ ಹಿಡಿದು ಹಿಡಿದು ಅಭ್ಯಾಸವಾದ ಕೈ ಹೀಗೆ ಒತ್ತುತ್ತದೆ.

ಆದ್ದರಿಂದ ಹುಡುಗಿಯನ್ನು ಕೇಳಿ ತಿಳಿಸಿ. ವಯಸ್ಸೆಷ್ಟು? ಬೆಳಿಗ್ಗೆ ಎದ್ದಾಗ ಹೆಬ್ಬೆರಳು ಬಿಗಿದಿರುತ್ತದೆಯೇ? ಡಬ್ಬಿಯ ಮುಚ್ಚಳ ತಾನೇ ತಿರುಗಿಸಿ ತೆಗೆಯುತ್ತಾಳೆಯೇ? ಬೀಗದ ಕೈ ತಿರುಗಿಸುವಾಗ ಹೇಗೆ?

ಉತ್ತರ ಬಂದ ಮೇಲೆ ಮರ ಕೊಯ್ಯುತ್ತೇನೆ.

ಮೇಷ್ಟ್ರು


ಫೆಬ್ರವರಿ ೨೭

ಮೇಷ್ಟ್ರಿಗೆ,

ಇಪ್ಪತ್ತಾರು. ಬೆಳಿಗ್ಗೆ ಬಿಗಿತವಿಲ್ಲ. ಬೀಗದ ತೊಂದರೆಯಿಲ್ಲ. ಮುಚ್ಚಳ ಬಿಗಿಯಾಗಿದ್ದರೆ ಅವಳ ಅತ್ತೆ ತೆಗೆದುಕೊಡುತ್ತಾರೆ, ಅಂಥದ್ದು ಯಾರ ಮನೆಯಲ್ಲಿಲ್ಲ?

ದಯವಿಟ್ಟು ಇದನ್ನು ವೈದ್ಯರ ತಪಾಸಣೆ ಮಾಡಬೇಡಿ. ಹಿಡಿ ಸಾಕು. ಏಪ್ರಿಲ್ ದೂರವಿಲ್ಲ.

ಇಂತಿ,
ಗುಬ್ಬಿ


ಮಾರ್ಚ್ ೧೯

ಹಿಡಿ ಕಳಿಸಿದ್ದೇನೆ. ಎರಡು ಪಟ್ಟಿ, ನಾಲ್ಕು ಹೊಸ ತಿರುಪು. ಅಕ್ರೋಟು ಮರ.

ಬೆರಳಿಗೊಂದೊಂದು ಗುಳಿ ತೋಡಿಕೊಡಿ ಎಂದು ಬಹಳ ಜನ ಕೇಳುತ್ತಾರೆ, ನೋಡಲು ಚೆಂದ. ತೋಡಿಲ್ಲ. ಕೈ ದಿನಕ್ಕೊಂದು ಥರ ಇರುತ್ತದೆ. ಊದಿಕೊಂಡ ದಿನ ಆ ಗುಳಿಗಳೇ ಶತ್ರು. ಅಂಗೈಗೆ ತುಂಬಿಕೊಳ್ಳುವ ಕಡೆ ಒಂದು ಅಕ್ಕಿಕಾಳಿನಷ್ಟು ಉಬ್ಬು ಬಿಟ್ಟಿದ್ದೇನೆ. ಹೆಬ್ಬೆರಳಿನ ಕಡೆ ಎಷ್ಟು ತೆಳುವಾಗಿಸಬಹುದೋ ಅಷ್ಟು ಇಳಿಸಿದ್ದೇನೆ, ಇನ್ನು ಇಳಿಸಿದರೆ ತಿರುಪು ನಿಲ್ಲುವುದಿಲ್ಲ. ಗುಂಡು ತುಂಬುವ ಮ್ಯಾಗಜೀನ್ ಬಿಡಿಸುವ ಗುಂಡಿಯ ಸುತ್ತ ಅರ್ಧ ಚಂದ್ರದ ಹಾಗೆ ಕೊರೆದಿದ್ದೇನೆ, ಹೆಬ್ಬೆರಳು ಚಾಚದೆ ಅದರ ಪಕ್ಕದಿಂದಲೇ ಒತ್ತಬಹುದು. ಒರಟು ಗೆರೆಗಳು ಹಿಂದಿನ ಅಂಚಿನಲ್ಲಿ ಮಾತ್ರ. ಗುಂಡು ಹಾರಿದಾಗ ಹಿಡಿ ಹಿಂದಕ್ಕೆ ಒದೆಯುತ್ತದಲ್ಲ, ಆ ಒದೆತ ಹೆಬ್ಬೆರಳಿನ ಬುಡಕ್ಕೆ ಬೀಳದೆ ಅಂಗೈ ಮೇಲೆ ಹಂಚಿಹೋಗಬೇಕು.

ತಿರುಪನ್ನು ಒಂದೇ ಸಲಕ್ಕೆ ಬಿಗಿಯಬೇಡಿ. ಒಂದೊಂದಕ್ಕೂ ಸ್ವಲ್ಪ ಸ್ವಲ್ಪ. ಮರಕ್ಕೆ ಆತುರ ಆಗದು.

ಮೇಷ್ಟ್ರು


ಏಪ್ರಿಲ್ ೨

ಮೇಷ್ಟ್ರಿಗೆ,

ಹಿಡಿ ಹಾಕಿ ಹತ್ತು ದಿನವಾಯಿತು. ಹೇಗಿದೆ ಎಂದು ಬರೆಯಲು ಕೂತರೆ ಧನ್ಯವಾದ ಎನ್ನುವ ಮಾತು ಅರ್ಜಿಯ ಕೊನೆಯ ಸಾಲಿನಂತೆ ಕಾಣುತ್ತದೆ. ಮೊದಲ ದಿನ ಗುಂಡು ತುಂಬದೆ ಸುಮ್ಮನೆ ಕೈಯಲ್ಲಿ ಹಿಡಿದು ನಿಂತಿದ್ದೆವು. ಬಹಳ ಹೊತ್ತು. ಒಂದು ವರ್ಷದಲ್ಲಿ ಮೊದಲ ಸಲ ಆ ವಸ್ತು ಕೈಗೆ ಬೇಡವಾದ ನೆಂಟನಂತೆ ಅನ್ನಿಸಲಿಲ್ಲ.

ಅಂಕಗಳನ್ನೂ ತಿಳಿಸಬೇಕು. ಮೂರು ಸಲ ಪೂರ್ತಿ ಮೂವತ್ತು ಹೊಡೆದಾಯಿತು. ಇಪ್ಪತ್ತೈದು, ಇಪ್ಪತ್ತೆರಡು, ಇಪ್ಪತ್ತನಾಲ್ಕು. ಇಪ್ಪತ್ತು ಗುಂಡಿನವರೆಗೆ ನೋವಿಲ್ಲ. ಇಪ್ಪತ್ತೊಂದರಿಂದ ಶುರು. ಇನ್ನೊಂದಿಷ್ಟು ಕೆರೆದರೆ ಉಪಯೋಗವಾದೀತೇ ಎಂದು ಕೇಳಬೇಕೆಂದುಕೊಂಡೆ. ತಿರುಪು ನಿಲ್ಲುವುದಿಲ್ಲ ಎಂದು ನೀವು ಮೊದಲೇ ಬರೆದುಬಿಟ್ಟಿದ್ದೀರಿ.

ಮನೆಗೆ ಬಂದರೆ ಏನೂ ಬೇಡ ಅನ್ನಿಸುತ್ತದೆ. ನಿನ್ನೆ ಅತ್ತೆ ನಾನು ಲೋಟವನ್ನು ಎರಡು ಕೈಯಲ್ಲಿ ಹಿಡಿದದ್ದನ್ನು ನೋಡಿ, ‘ಏನಮ್ಮಾ, ಲೋಟಕ್ಕೆ ಕೈ ಮುಗೀತಿದೀಯಾ?’ ಎಂದರು. ನಕ್ಕೆವು.

ಮೇಷ್ಟ್ರೇ, ಮೂರು ಕಾಗದ ಬರೆದಿದ್ದೀರಿ. ಆ ದಿನದ ಬಗ್ಗೆ ಒಂದು ಮಾತೂ ಇಲ್ಲ. ನಿಮ್ಮ ಕೊನೆಯ ಪರೀಕ್ಷೆಯ ಅಂಕ ಎಣಿಸಿದವಳು ನಾನು, ‘ಅನರ್ಹ’ ಎಂದು ರುಜು ಹಾಕಿದವಳೂ ನಾನು. ನನಗೆ ಗುರಿಯಿಡಲು ಕಲಿಸಿದವರಿಗೆ ನಾನು ಕೊಟ್ಟ ಕಾಗದ ಅದು. ನೀವು ಏನಾದರೂ ಬರೆಯುತ್ತೀರಿ ಎಂದು ಪ್ರತಿ ಸಲ ಲಕೋಟೆ ಒಡೆಯುತ್ತೇನೆ. ಬರೀ ಮರದ ವಿಷಯ ಇರುತ್ತದೆ.

ಗುಬ್ಬಿ


ಏಪ್ರಿಲ್ ೯

ಗುಬ್ಬಿ,

ಇಕೋ, ಹಾಗೇ ಬರೆದೆ. ಮನೆಯವಳಿಗೆ ತೋರಿಸುವುದಿಲ್ಲ.

ಮೊದಲು ನಿನ್ನ ಹುಡುಗಿಯ ವಿಷಯ. ಜನವರಿಯಲ್ಲಿ ಮದುವೆಯಾಗದೆ ಹಾಸ್ಟೆಲಿನಲ್ಲಿದ್ದವಳಿಗೆ ಫೆಬ್ರವರಿಯಲ್ಲಿ ಮುಚ್ಚಳ ತೆಗೆದುಕೊಡುವ ಅತ್ತೆ ಬಂದರು. ‘ಸೋದರತ್ತೆ ಇರಬಹುದಪ್ಪ’ ಎಂದು ನನ್ನ ಮನೆಯವಳು ನಿನ್ನ ಪರ ವಾದಿಸಿದಳು. ನಾನು ಅಚ್ಚು ತಂದು ತೋರಿಸಿದೆ. ಹೆಬ್ಬೆರಳು ಮತ್ತು ತೋರುಬೆರಳಿನ ನಡುವಿನ ಸಂದಿನಲ್ಲಿ ಒಂದು ವಕ್ರ ಗೆರೆ ಮೂಡಿದೆ. ಹದಿನೆಂಟು ವರ್ಷದ ಹಿಂದೆ ಪಿಸ್ತೂಲಿನ ಮೇಲ್ಭಾಗ ಹಿಂದಕ್ಕೆ ಬಂದು ನಿನ್ನ ಕೈ ಕಚ್ಚಿತಲ್ಲ, ಪಟ್ಟಿ ಕಟ್ಟಿದವನು ನಾನೇ. ‘ಗುಬ್ಬಿಯಷ್ಟು ಕೈ ಇಟ್ಕೊಂಡು ಹದ್ದಿನ ಹಾಗೆ ಹಿಡೀಬೇಡ’ ಅಂದಿದ್ದೆ. ಹೆಸರು ಬಂದದ್ದೇ ಆ ದಿನ. ನಾನು ಡಬ್ಬಿ ಬಿಚ್ಚಿದ ಕೂಡಲೇ ನಿನ್ನ ಕೈ ಕಂಡಿತು. ನೀನಾಗಿ ಹೇಳಲಿ ಎಂದು ಸುಮ್ಮನಿದ್ದೆ. ಈಗ ಪರೀಕ್ಷೆ ಹತ್ತಿರ ಬಂತು, ಸುಮ್ಮನಿದ್ದರೆ ತಪ್ಪಾದೀತು.

ಇನ್ನು ನನ್ನ ವಿಷಯ. ಆ ಪರೀಕ್ಷೆಗೆ ಮುಂಚಿನ ಎರಡು ವರ್ಷದಲ್ಲಿ ನಾನು ಮೂರು ಹಿಡಿ ಬದಲಾಯಿಸಿದ್ದೆ. ಗೊತ್ತಿತ್ತೇ ನಿನಗೆ? ಯಾರಿಗೂ ಗೊತ್ತಿರಲಿಲ್ಲ. ಮೊದಲು ರಬ್ಬರಿನದು, ಆಮೇಲೆ ದಪ್ಪದ್ದು, ಆಮೇಲೆ ನಾನೇ ಕೊರೆದದ್ದು. ಮರದ ಕೆಲಸ ಕಲಿತದ್ದೇ ಹಾಗೆ. ಪ್ರತಿ ಸಲವೂ ಎರಡು ತಿಂಗಳು ಸರಿಯಾದಂತೆ ಅನ್ನಿಸುತ್ತಿತ್ತು. ಕೈ ನಡುಗುತ್ತಿದ್ದದ್ದನ್ನು ಜೇಬಿನಲ್ಲಿಟ್ಟು ಮುಚ್ಚುತ್ತಿದ್ದೆ. ಬೆಳಿಗ್ಗೆ ಅಂಗಿಯ ಗುಂಡಿ ಹಾಕುತ್ತಿದ್ದವಳು ನನ್ನ ಮನೆಯವಳು. ಅಂಥ ಕೈಯಲ್ಲಿ ತುಂಬಿದ ಶಸ್ತ್ರ ಹಿಡಿದು ಜನರ ನಡುವೆ ನಿಲ್ಲುತ್ತಿದ್ದೆ. ಒಂದು ದಿನ ನ್ಯಾಯಾಲಯದ ಬಾಗಿಲಲ್ಲಿ ಯಾರೋ ಕೂಗಿದರೆಂದು ಒರೆಗೆ ಕೈ ಹಾಕಿದೆ. ಬೆರಳು ಎಲ್ಲಿಗೆ ಹೋಗಬಾರದೋ ಅಲ್ಲಿಗೆ ಹೋಗಿತ್ತು. ಏನೂ ಆಗಲಿಲ್ಲ. ಆದರೆ ಅದು ನನ್ನ ಜಾಣತನದಿಂದಲ್ಲ.

ನಾನಾಗಿ ಬಿಡುವ ಧೈರ್ಯ ಇರಲಿಲ್ಲ. ಅಂಕ ಬಿಡಿಸಿತು. ಇಪ್ಪತ್ತಮೂರು ಎಂದೆ ನೀನು. ನಾನು ಗುರಿ ಕಾಗದವನ್ನೂ ನೋಡಲಿಲ್ಲ, ನೆನಪಿದೆಯೇ? ಇವಳು ಈಗಲೂ ಕೇಳುತ್ತಾಳೆ, ‘ಒಂದೇ ಒಂದಕ್ಕೆ ಹೋಯ್ತಲ್ಲ, ಮತ್ತೆ ಎಣಿಸಿ ಅನ್ಬಾರದಿತ್ತಾ?’ ಎಂದು. ಗುಬ್ಬಿ ಎಣಿಸಿದ ಮೇಲೆ ಎಣಿಸುವುದೇನಿದೆ ಎನ್ನುತ್ತೇನೆ. ಗುಬ್ಬಿಯ ಲೆಕ್ಕದಲ್ಲಿ ಇಪ್ಪತ್ತಮೂರು ಎಂದರೆ ಇಪ್ಪತ್ತಮೂರೇ. ಅದೊಂದು ಮಾತಿನ ಮೇಲೆ ನಾಲ್ಕು ವರ್ಷ ನೆಮ್ಮದಿಯಾಗಿ ನಿದ್ದೆ ಮಾಡಿದ್ದೇನೆ. ಅದಕ್ಕೇ ಆ ದಿನದ ಬಗ್ಗೆ ಬರೆಯಲಿಲ್ಲ. ಬರೆಯಲು ಏನೂ ಉಳಿದಿಲ್ಲ.

ಕೈ ಈಗಲೂ ನಡುಗುತ್ತದೆ. ಗಾಳಿಯಲ್ಲಿ ಎತ್ತಿದರೆ ಮಾತ್ರ. ಮರದ ಮೇಲೆ ಊರಿದರೆ ನಿಲ್ಲುತ್ತದೆ.

ಹಿಡಿ ಚೆನ್ನಾಗಿ ಕೂತಿದೆ ಎಂದು ಸಂತೋಷ. ಅದರಿಂದ ಆಗುವುದು ಇಪ್ಪತ್ತು ಗುಂಡು. ಉಳಿದ ಹತ್ತನ್ನು ನಾನು ಕೆತ್ತಲಾರೆ. ವೈದ್ಯರಿಗೆ ಕೈ ತೋರಿಸು.

ಮೇಷ್ಟ್ರು


ಏಪ್ರಿಲ್ ೧೬

ಮೇಷ್ಟ್ರಿಗೆ,

ಹೌದು, ಕೈ ನನ್ನದು. ವೈದ್ಯರಿಗೆ ತೋರಿಸಿದ್ದೇನೆ, ಡಿಸೆಂಬರಿನಲ್ಲೇ. ಕೀಲು ಸವೆದಿದೆಯಂತೆ. ಹುಡುಗಿ ಎನ್ನುವವಳು ಇದ್ದಾಳೆ, ಸುಳ್ಳಲ್ಲ. ಹಾಸ್ಟೆಲಿನಲ್ಲಿದ್ದಾಳೆ, ಒಳ್ಳೆಯ ಕಣ್ಣು, ಇಪ್ಪತ್ತಾರು. ಅವಳ ಕೈಗೆ ಏನೂ ಆಗಿಲ್ಲ. ನನಗೆ ನನ್ನ ಹೆಸರು ಬರೆಯಲಾಗದೆ ಅವಳನ್ನು ಮುಂದೆ ನಿಲ್ಲಿಸಿದೆ.

ನಾಡಿದ್ದು ನನ್ನ ಅಂಕ ಎಣಿಸುವವಳು ಅವಳೇ. ತರಬೇತಿ ಕೊಡುವವರ ಪರೀಕ್ಷೆಯನ್ನು ಅವರ ಕೈ ಕೆಳಗಿನವರು ಎಣಿಸಬೇಕೆನ್ನುವ ನಿಯಮ ಬದಲಾಗಿಲ್ಲ. ಇವತ್ತು ಸಂಜೆ ಗುರಿ ಕಾಗದ ಜೋಡಿಸುತ್ತಾ ಅವಳು ನನ್ನ ಕಡೆ ನೋಡದೆ ಹೇಳಿದಳು.

‘ಗೆರೆ ಹತ್ರ ಬಿದ್ರೂ ಒಳಗೆ ಅಂತ ಬರೀತೀನಿ ಮೇಡಂ. ನೀವೇನೂ ಯೋಚ್ನೆ ಮಾಡ್ಬೇಡಿ.’

‘ಹತ್ರ ಬಿದ್ದಿದ್ದು ಹೊರಗೆ,’ ಎಂದೆ. ‘ಮುಟ್ಟಿದ್ದು ಒಳಗೆ.’

‘ಅಷ್ಟೇನಾ ಮೇಡಂ ವ್ಯತ್ಯಾಸ?’

‘ಅಷ್ಟೇ.’

ಅವಳು ನಿಮ್ಮ ಹಲಗೆಯನ್ನು ನೋಡಿದಳು. ನನಗೆ ಅದರ ಕಡೆ ನೋಡಲಾಗಲಿಲ್ಲ.

ಮೇಷ್ಟ್ರೇ, ನೀವು ಹೊಡೆದದ್ದು ಇಪ್ಪತ್ತನಾಲ್ಕು.

ಹತ್ತೊಂಬತ್ತನೆಯ ಗುಂಡು ಬಲಗಡೆ ಗೆರೆಯ ಮೇಲಿತ್ತು. ಮುಟ್ಟಿತ್ತು. ನಾನು ಭೂತಗನ್ನಡಿ ಹಿಡಿದು ನೋಡಿದೆ, ಅನುಮಾನವಿರಲಿಲ್ಲ. ಹೊರಗೆ ಎಂದು ಬರೆದೆ. ಹಿಂದಿನ ವಾರ ನೀವು ಮ್ಯಾಗಜೀನಿಗೆ ಗುಂಡು ತುಂಬುವಾಗ ಎರಡು ಉರುಳಿ ನನ್ನ ಕಾಲ ಬಳಿ ಬಂದಿದ್ದವು. ಎತ್ತಿಕೊಟ್ಟೆ, ‘ಜಾರ್ತವೆ’ ಎಂದು ನಕ್ಕಿರಿ. ನಿಮ್ಮ ಕೈ ಕಂಡಿತ್ತು. ನೇರವಾಗಿ ಕೇಳುವ ಬಾಯಿ ನನಗಿರಲಿಲ್ಲ. ಮೇಲಿನವರಿಗೆ ತಿಳಿಸಿದರೆ ನಿಮ್ಮ ಮರ್ಯಾದೆ ಹೋಗುತ್ತದೆ ಎಂದುಕೊಂಡೆ. ಒಂದು ಅಂಕ ತಪ್ಪಿಸಿದರೆ ಯಾರಿಗೂ ಏನೂ ಹೇಳದೆ ಮುಗಿಯುತ್ತದೆ ಎಂದು ತೀರ್ಮಾನಿಸಿದೆ. ಎಣಿಸುತ್ತಾ ನಿಂತ ಅರ್ಧ ನಿಮಿಷದಲ್ಲಿ.

ನಿಮ್ಮ ಕೊನೆಯ ಕಾಗದ ಓದಿದಾಗ ಮೊದಲು ಬಂದದ್ದು ಸಮಾಧಾನ. ನಾನು ನೋಡಿದ್ದು ಸರಿಯಿತ್ತು, ನೀವೇ ಒಪ್ಪಿದ್ದೀರಿ. ಅಷ್ಟಕ್ಕೆ ಕಾಗದ ಮಡಚಿಟ್ಟಿದ್ದರೆ ಆಗುತ್ತಿತ್ತು. ಎರಡನೆಯ ಸಲ ಓದಿದಾಗ ನೀವು ನೆಮ್ಮದಿಯಾಗಿ ಮಲಗಿರುವುದು ನನ್ನ ಲೆಕ್ಕದ ಮೇಲೆ ಎಂದು ಕಂಡಿತು. ಇದನ್ನು ಹೇಳಿ ಆ ನಿದ್ದೆ ಕೆಡಿಸುವ ಹಕ್ಕು ನನಗಿದೆಯೇ ಎಂದು ಮೂರು ದಿನದಿಂದ ಕೇಳಿಕೊಳ್ಳುತ್ತಿದ್ದೇನೆ. ಹೇಳದಿರುವ ಹಕ್ಕು ಇಲ್ಲ ಎನ್ನುವುದಷ್ಟೇ ಗೊತ್ತು. ಆಯಾಸವಾಗಿದೆ, ಅದಕ್ಕೂ ಇದಕ್ಕೂ ಎಷ್ಟು ಸಂಬಂಧವೋ ತಿಳಿಯದು.

ಒಂದು ವಿಷಯ ಮಾತ್ರ ಈಗ ನನಗೆ ಸ್ಪಷ್ಟವಾಗಿದೆ. ನೀವು ಶಸ್ತ್ರ ಬಿಡಬೇಕಾಗಿತ್ತು. ಆದರೆ ಅದನ್ನು ನಿಮಗೆ ಹೇಳಬೇಕಾದವಳು ನಾನಾಗಿದ್ದೆ, ಬಾಯಿಬಿಟ್ಟು, ನಿಮ್ಮ ಕುರ್ಚಿಯ ಎದುರು ಕೂತು. ನನ್ನ ಕೈ ನೋಡಿ ನೀವು ನನಗೆ ಹೇಳಿದ ಹಾಗೆ.

ಆ ಗುರಿ ಕಾಗದವನ್ನು ನಾನು ಕಡತಕ್ಕೆ ಸೇರಿಸಲಿಲ್ಲ. ನಾಲ್ಕು ವರ್ಷ ಬೀರುವಿನಲ್ಲಿ ಸೀರೆಗಳ ಕೆಳಗಿತ್ತು. ಮಡಚಿ ಇದರೊಳಗೆ ಇಟ್ಟಿದ್ದೇನೆ. ಹತ್ತೊಂಬತ್ತನೆಯದಕ್ಕೆ ಪೆನ್ಸಿಲಿನಲ್ಲಿ ಸುತ್ತು ಹಾಕಿದ್ದೇನೆ. ಕಿಟಕಿಯ ಬೆಳಕಿಗೆ ಹಿಡಿದು ನೋಡಿ, ಅಥವಾ ಮನೆಯವರಿಗೆ ಕೊಡಿ. ಮತ್ತೆ ಎಣಿಸಬೇಕೆಂದು ಅವರೇ ಹೇಳುತ್ತಿದ್ದರಲ್ಲ.

ನಾಡಿದ್ದು ನಾನು ಪರೀಕ್ಷೆಗೆ ಹೋಗುತ್ತೇನೆ, ನಿಮ್ಮ ಹಿಡಿ ಹಾಕಿಕೊಂಡೇ. ಬಿದ್ದಷ್ಟನ್ನು ಬಿದ್ದಂತೆ ಬರೆಯಬೇಕೆಂದು ಹುಡುಗಿಗೆ ಹೇಳಿದ್ದೇನೆ. ಇಪ್ಪತ್ತನಾಲ್ಕು ಬಂದರೂ ವೈದ್ಯರ ಚೀಟಿಯನ್ನು ಅದೇ ದಿನ ಕಚೇರಿಗೆ ಕೊಡುತ್ತೇನೆ. ಆಮೇಲೆ ಅವರು ಏನು ಮಾಡುತ್ತಾರೋ ನನಗೆ ಗೊತ್ತಿಲ್ಲ. ಅತ್ತೆಗೆ ಇನ್ನೂ ಹೇಳಿಲ್ಲ, ಆದರೆ ಅವರು ಇವತ್ತು ಕೇಳದೆಯೇ ಎಲ್ಲ ಡಬ್ಬಿಗಳ ಮುಚ್ಚಳ ಸಡಿಲ ಮಾಡಿಟ್ಟಿದ್ದಾರೆ.

ಈ ಕಾಗದವನ್ನು ಪರೀಕ್ಷೆ ಮುಗಿದ ಮೇಲೆ ಹಾಕಿದರೆ, ಪಾಸಾದ ಧೈರ್ಯದಲ್ಲೋ ಫೇಲಾದ ಬೇಸರದಲ್ಲೋ ಬರೆದಂತೆ ನಿಮಗೆ ಕಾಣಬಹುದು. ನನಗೂ ಹಾಗೇ ಕಾಣಬಹುದು. ನಾಳೆ ಅಂಚೆಗೆ ರಜೆ. ರೇಂಜಿನ ದಾರಿಯಲ್ಲಿ, ಬಸ್ಸಿಳಿದ ಕಡೆಯೇ ಪೆಟ್ಟಿಗೆ ಇದೆ. ಪರೀಕ್ಷೆ ಶುರುವಾಗುವುದು ಒಂಬತ್ತಕ್ಕೆ.

ಗುಬ್ಬಿ

ಅಂಚೆಗೆ ಹಾಕುವುದು: ಏಪ್ರಿಲ್ ೧೮, ಬೆಳಿಗ್ಗೆ ಎಂಟೂವರೆ.